ಒಂದೇ ಸಹಿಯ ಅರ್ಜಿ

ಹಾಸ್ಟೆಲಿನ ದಿನಗಳೆಂದರೆ ಬಂಗಾರದ ದಿನಗಳು ಎಂದು ಯಾರಾದರೂ ಹಲ್ಲು ಕಿರಿದರೆ ನನಗೆ ಮೈ ಉರಿಯುತ್ತದೆ. ಅಂಥವರು ಒಂದೋ ಹಾಸ್ಟೆಲಿನಲ್ಲಿ ಇದ್ದವರಲ್ಲ, ಇಲ್ಲವೇ ಮರೆವು ಜಾಸ್ತಿಯಾದವರು. ಎಂಬತ್ತರ ದಶಕದ ನಡುವೆ, ಎಂಟನೆಯ ತರಗತಿಯಿಂದ ಹತ್ತನೆಯ ತರಗತಿಯವರೆಗೆ ನಾನು ಕಡೂರಿನ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿದ್ದೆ. ಯಾರೋ ನಾಲ್ಕು ಮಂದಿ ಪುಣ್ಯ ಕಟ್ಟಿಕೊಳ್ಳಲೆಂದು ಸೇರಿ ನಡೆಸುತ್ತಿದ್ದ ಹಾಸ್ಟೆಲು. ಈಗ ಅದು ಇಲ್ಲ. ಆ ಜಾಗದಲ್ಲಿ ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯೊಂದು ಎದ್ದಿದೆ. ಒಮ್ಮೆ ಅದರ ಮುಂದೆ ಹಾದುಹೋದೆ. ಕಣ್ಣಲ್ಲಿ ಒಂದು ಹನಿಯೂ ಬರಲಿಲ್ಲ.

ಓದುವ ಆಸೆಯಿಂದ ನಾನು ಅಲ್ಲಿಗೆ ಹೋದವಳಲ್ಲ. ನಮ್ಮದು ಅಜ್ಜಂಪುರ. ಹೈಸ್ಕೂಲು ಊರಲ್ಲೇ ಇತ್ತು, ಅದರ ಗಂಟೆ ನಮ್ಮ ಅಡಿಗೆಮನೆಗೆ ಕೇಳಿಸುತ್ತಿತ್ತು. ನಾನು ಏಳನೆಯ ತರಗತಿಯಲ್ಲಿದ್ದಾಗ ಅಮ್ಮ ತೀರಿಕೊಂಡಳು. ವರ್ಷ ತುಂಬುವ ಮೊದಲೇ ಅಪ್ಪ ಚಿಕ್ಕಮ್ಮನನ್ನು ತಂದ. ಚಿಕ್ಕಮ್ಮ ಕೆಟ್ಟವಳೇನೂ ಅಲ್ಲ, ಆದರೆ ನನ್ನ ಮುಖ ಕಂಡರೆ ಅವಳಿಗೆ ತಲೆನೋವು ಬರುತ್ತಿತ್ತು. ಒಂದು ದಿನ ಅಪ್ಪ ಹಸಿರು ಬಣ್ಣದ ಟ್ರಂಕೊಂದನ್ನು ತಂದು ನಡುಮನೆಯಲ್ಲಿಟ್ಟು, "ಕಡೂರಲ್ಲಿ ಚೆನ್ನಾಗಿ ಓದುಸ್ತಾರಂತೆ ಕಣವ್ವ," ಎಂದ. ಅವನು ಮಾತು ಮುಗಿಸುವ ಮೊದಲೇ ನನಗೆ ಎಲ್ಲ ಅರ್ಥವಾಗಿತ್ತು. ರೈಲಿನಲ್ಲಿ ಕಡಲೆಕಾಯಿ ಕೊಡಿಸಿದ. ಇಬ್ಬರೂ ಕಿಟಕಿಯ ಹೊರಗೆ ನೋಡುತ್ತಾ ತಿಂದೆವು.

ಹಾಸ್ಟೆಲಿನಲ್ಲಿ ಯಾರಿಗೂ ಸ್ವಂತ ಹೆಸರಿರಲಿಲ್ಲ. ಮೂವತ್ತು ಹುಡುಗಿಯರಲ್ಲಿ ಒಂದೇ ಹೆಸರಿನವರು ನಾಲ್ಕೈದು ಮಂದಿ ಇದ್ದುದರಿಂದಲೋ ಏನೋ, ಊರಿನ ಹೆಸರು ಹಿಡಿದು ಕರೆಯುವುದೇ ರೂಢಿಯಾಗಿತ್ತು. "ಏ ದೇವನೂರು, ಬಕೆಟ್ ಎತ್ತೇ." "ಲೇ ಪಂಚನಹಳ್ಳಿ, ನಿನ್ ತಲೇಲಿ ಹೇನು ಐತೆ, ಆ ಕಡೆ ಮಲಿಕ್ಕೋ." ನಾನು ಅಜ್ಜಂಪುರ. ನನ್ನ ಪಕ್ಕದ ಚಾಪೆಯವಳು ಬುಕ್ಕಾಂಬುಧಿ. ಇಬ್ಬರೂ ಒಂದೇ ಕಡೆಯವರೆಂದು ಮೊದಲ ದಿನವೇ ಚಾಪೆ ಜೋಡಿಸಿಕೊಂಡೆವು. ಅವಳು ಉದ್ದಕ್ಕೆ ಕಪ್ಪಗಿದ್ದಳು, ಕೈಗಳು ಗಂಡಸರ ಕೈಯಷ್ಟು ದೊಡ್ಡವು. ಲೆಕ್ಕದಲ್ಲಿ ಅವಳನ್ನು ಮೀರಿಸುವವರು ಇಡೀ ಸ್ಕೂಲಿನಲ್ಲಿ ಇರಲಿಲ್ಲ. ಬೀಜಗಣಿತವನ್ನು ಅವಳು ಕಡಲೆಕಾಯಿ ಸುಲಿದಂತೆ ಸುಲಿದು ನನ್ನ ಮುಂದೆ ಇಡುತ್ತಿದ್ದಳು. ನಾನು ಕಾಪಿ ಮಾಡಿಕೊಳ್ಳುತ್ತಿದ್ದೆ.

ನರ್ಸ್ ಆಗಬೇಕೆಂಬುದು ಅವಳ ಹಂಬಲ. ಅವಳ ಅಕ್ಕನ ಹೆರಿಗೆಯ ಸಮಯಕ್ಕೆ ಅಜ್ಜಂಪುರದಿಂದ ಬಂದ ನರ್ಸಮ್ಮ, ಗಲಾಟೆ ಮಾಡುತ್ತಿದ್ದ ಗಂಡಸರನ್ನೆಲ್ಲ ಒಂದೇ ಮಾತಿನಲ್ಲಿ ಜಗಲಿಯಿಂದ ಕೆಳಗಿಳಿಸಿದಳಂತೆ. "ನಮ್ಮಪ್ಪನ್ನೂ ಸೇರಿಸಿ ಕಣೇ," ಎಂದು ಹೇಳುವಾಗ ಅವಳ ಮುಖ ಅರಳುತ್ತಿತ್ತು. ಅವಳ ಅಪ್ಪನದು ಒಂದೇ ಕರಾರು. ಎಸ್ಸೆಸ್ಸೆಲ್ಸಿ ಪಾಸಾದರೆ ನರ್ಸಿಂಗ್, ಇಲ್ಲದಿದ್ದರೆ ಮದುವೆ. ಪಾಸಾಗುವ ವಿಷಯದಲ್ಲಿ ಅವಳಿಗಾಗಲಿ, ನಮಗಾಗಲಿ, ಮೇಷ್ಟ್ರುಗಳಿಗಾಗಲಿ ಎಳ್ಳಷ್ಟೂ ಅನುಮಾನವಿರಲಿಲ್ಲ.

ನಮ್ಮ ವಾರ್ಡನ್ ರಾಕ್ಷಸಿಯಾಗಿದ್ದರೆ ಈ ಕಥೆ ಹೇಳುವುದು ಸುಲಭವಿತ್ತು. ಆಕೆ ಯಾರನ್ನೂ ಹೊಡೆದವರಲ್ಲ. ಗಂಜಿ ಹಾಕಿದ ಕಾಟನ್ ಸೀರೆ ಉಟ್ಟು, "ಏನ್ರಮ್ಮಾ ಮಕ್ಕಳಾ," ಎಂದು ಮಾತಾಡಿಸುವವರು. ಜ್ವರ ಬಂದರೆ ಹಣೆ ಮುಟ್ಟಿ ನೋಡುವವರು. ಆದರೆ ಉಗ್ರಾಣದ ಬೀಗದ ಕೈ ಆಕೆಯ ಸೊಂಟ ಬಿಟ್ಟು ಇಳಿಯುತ್ತಿರಲಿಲ್ಲ, ಮತ್ತು ಉಗ್ರಾಣಕ್ಕೆ ಹೋದದ್ದರಲ್ಲಿ ಒಳ್ಳೆಯದೆಲ್ಲ ಎಲ್ಲಿಗೆ ಹೋಗುತ್ತಿತ್ತು ಎಂಬುದು ನಮ್ಮ ತಟ್ಟೆಗಳಿಗೆ ಚೆನ್ನಾಗಿ ಗೊತ್ತಿತ್ತು.

ಸುಗ್ಗಿ ಮುಗಿದ ಮೇಲೆ ಪ್ರತಿ ಹುಡುಗಿಯ ಮನೆಯವರೂ ಹಾಸ್ಟೆಲಿಗೆ ಒಂದು ಮೂಟೆ ರಾಗಿ ತಂದುಕೊಡಬೇಕೆಂಬುದು ಅಲ್ಲಿನ ಕಟ್ಟಳೆ. ಡಿಸೆಂಬರ್ ಕೊನೆಗೆ ಅಪ್ಪಂದಿರು ಒಬ್ಬೊಬ್ಬರಾಗಿ ಮೂಟೆ ಹೊತ್ತು ಬರುತ್ತಿದ್ದರು. ಮಗಳು ಉಣ್ಣುವ ರಾಗಿ ಎಂದು ಕಲ್ಲು ಮಣ್ಣು ಇಲ್ಲದಂತೆ ಕೇರಿ, ತೂರಿ ತಂದ ರಾಗಿ ಅದು. ನಮ್ಮ ಮುದ್ದೆಗೆ ಮಾತ್ರ ವರ್ಷವಿಡೀ ಮುಗ್ಗಲು ವಾಸನೆ. ಬಾಯಿಗೆ ಹಾಕಿದರೆ ಹಳೆಯ ಗೋಣಿಚೀಲ ಅಗಿದಂತೆ ಆಗುತ್ತಿತ್ತು. ಐದನೆಯ, ಆರನೆಯ ತರಗತಿಯ ಪುಟ್ಟ ಹುಡುಗಿಯರು ಹೊಟ್ಟೆ ಹಿಡಿದುಕೊಂಡು ಹಿತ್ತಲಿಗೆ ಓಡುವುದು ದಿನದ ಮಾತಾಗಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಹಾಗೆ.

ಹತ್ತನೆಯ ತರಗತಿಯ ಆ ಜನವರಿಯಲ್ಲಿ ಬುಕ್ಕಾಂಬುಧಿಯವಳು ತನ್ನ ಸರದಿಯಂತೆ ವಾರ್ಡನ್ ಮನೆಯ ಕಸ ಗುಡಿಸಲು ಹೋದಳು. ವಾರ್ಡನ್ ಮನೆ ಹಾಸ್ಟೆಲಿಗೆ ಅಂಟಿಕೊಂಡೇ ಇತ್ತು. ಹಿಂದಿನ ಕೋಣೆಯಲ್ಲಿ ಆರು ಮೂಟೆಗಳು ಮಾರಾಟಕ್ಕೆಂದು ಬೇರೆ ಊರಿಗೆ ಹೊರಡಲು ಬಾಯಿ ಹೊಲಿಸಿಕೊಂಡು ನಿಂತಿದ್ದವು. ಅವುಗಳಲ್ಲೊಂದರ ಬಾಯಿ ಹೊಲಿದಿದ್ದುದು ಅವಳ ಅವ್ವನ ಹಳೆಯ ಸೀರೆಯ ಅಂಚಿನಿಂದ. ಮೂಟೆಯ ಮೂಲೆಗೆ ಬೆರಳು ತೂರಿಸಿ ನಾಲ್ಕು ಕಾಳು ತೆಗೆದು ಬಾಯಿಗೆ ಹಾಕಿಕೊಂಡು ಬಂದಳು. "ನಮ್ ಕೆರೆ ಕೆಳಗಿನ ಹೊಲದ ರಾಗಿ ಕಣೇ ಅದು," ಎಂದಳು ನನಗೆ. "ನಮ್ಮವ್ವ ಕೇರಿದ್ದು." ಅಳಲಿಲ್ಲ, ಬೈಯಲಿಲ್ಲ. ಆ ದಿನ ಮುದ್ದೆ ಮುಟ್ಟಲಿಲ್ಲ, ಅಷ್ಟೇ.

ಈಗ ಟಿ.ವಿ.ಯ ವಿಷಯ ಹೇಳಬೇಕು. ಅದರ ಹಿಂದಿನ ವರ್ಷ ಯಾರೋ ದಾನಿಗಳು ಹಾಸ್ಟೆಲಿಗೆ ಒಂದು ಕಪ್ಪುಬಿಳುಪು ಟಿ.ವಿ. ಕೊಟ್ಟಿದ್ದರು. ಮರದ ಪೆಟ್ಟಿಗೆ, ಎಳೆಯುವ ಬಾಗಿಲು, ಬಾಗಿಲಿಗೆ ಬೀಗ. ದಾನ ಹಾಸ್ಟೆಲಿಗಾದರೂ ಟಿ.ವಿ. ಕೂತದ್ದು ವಾರ್ಡನ್ ಮನೆಯ ಹಜಾರದಲ್ಲಿ. ಶನಿವಾರ ಸಂಜೆ ನಮ್ಮನ್ನು ಒಳಗೆ ಬಿಡುತ್ತಿದ್ದರು. ದೇವನೂರಿನವಳು ಮಾಳಿಗೆ ಹತ್ತಿ ಆಂಟೆನಾ ತಿರುಗಿಸುವವಳು. "ಬಂತಾ?" ಎಂದು ಅವಳು ಮೇಲಿಂದ ಕೂಗಿದರೆ ನಾವು ಕೆಳಗಿಂದ, "ಬಂತು, ಬಂತು, ಅಯ್ಯೋ ಹೋಯ್ತು ಕಣೇ!" ಎಂದು ಅರಚುತ್ತಿದ್ದೆವು. ಪಾಪ, ಅರ್ಧ ಧಾರಾವಾಹಿಯನ್ನು ಅವಳು ಮಾಳಿಗೆಯ ಮೇಲೇ ಕಳೆದಳು.

ಆ ಹೊತ್ತಿಗೆ ಬರುತ್ತಿದ್ದುದು ಇಂಗ್ಲಿಷ್ ಧಾರಾವಾಹಿ. ಯಾವ ದೇಶದ್ದೋ. ಹುಡುಗಿಯರ ಬೋರ್ಡಿಂಗ್ ಸ್ಕೂಲು, ನಮ್ಮದೇ ವಯಸ್ಸಿನ ನಾಲ್ಕು ಹುಡುಗಿಯರು, ಬಿಳಿಕೂದಲಿನ ದಪ್ಪ ವಾರ್ಡನಮ್ಮ. ಒಬ್ಬೊಬ್ಬರಿಗೂ ಒಂದೊಂದು ಮಂಚ, ಮಂಚದ ಪಕ್ಕ ದೀಪ. ಅವರು ಬಾಯಿ ತೆರೆದರೆ ಸಾಕು, ಕಾಣದ ಜನರೆಲ್ಲ ಗೊಳ್ಳೆಂದು ನಗುತ್ತಿದ್ದರು. "ಯಾರೇ ಅವ್ರು ನಗೋರು? ಬಾಗಿಲ ಹಿಂದ್ಗಡೆ ಕೂತವ್ರಾ?" ಎಂದು ಪಂಚನಹಳ್ಳಿಯವಳು ಪ್ರತಿ ಶನಿವಾರ ಕೇಳುತ್ತಿದ್ದಳು. ಅಲ್ಲಿ ತಪ್ಪು ಮಾಡಿದವಳಿಗೆ ಅರ್ಧ ಗಂಟೆಯೊಳಗೆ ಕ್ಷಮೆ ಸಿಗುತ್ತಿತ್ತು. ಕಳೆದುಹೋದದ್ದು ಅರ್ಧ ಗಂಟೆಯೊಳಗೆ ವಾಪಸು ಬರುತ್ತಿತ್ತು. ನಮ್ಮಲ್ಲಿ ಒಂದು ಲಂಗ ಕಳೆದುಹೋದರೆ ಮೂರು ತಿಂಗಳು ಜಗಳ.

ನಮಗೆ ಯಾರಿಗೂ ಆ ಇಂಗ್ಲಿಷ್ ತಿಳಿಯುತ್ತಿರಲಿಲ್ಲ. ವಾರ್ಡನ್‌ಗೂ ತಿಳಿಯುತ್ತಿರಲಿಲ್ಲ. ಎರಡನೆಯ ಶನಿವಾರವೇ ಆಕೆ, "ಇಂಗ್ಲಿಷಲ್ಲಿ ಫಸ್ಟ್ ಬರೋಳು ಯಾರು? ಬಾಮ್ಮಾ, ಇಲ್ಲಿ ಕೂತ್ಕೊಂಡು ಏನು ಹೇಳ್ತಿದಾರೆ ಹೇಳು," ಎಂದು ನನ್ನನ್ನು ಕರೆದು ತಮ್ಮ ಕುರ್ಚಿಯ ಪಕ್ಕ ಕೂರಿಸಿಕೊಂಡರು. ನನ್ನ ಇಂಗ್ಲಿಷೆಂದರೆ ಪಾಠಗಳ ಪ್ರಶ್ನೋತ್ತರವನ್ನು ಉರುಹೊಡೆದು ಕಕ್ಕುವುದು. ಹಾಳೂರಿಗೆ ಉಳಿದವನೇ ಗೌಡ. ಟಿ.ವಿ. ಹುಡುಗಿಯರ ಮಾತಿನಲ್ಲಿ ನನಗೆ ತಿಳಿದದ್ದು 'ಯೆಸ್', 'ನೋ', 'ಸಾರಿ', ಮೂರೇ. ತಿಳಿಯುವುದಿಲ್ಲ ಎಂದು ಹೇಳಬಹುದಿತ್ತು. ಆದರೆ ಮೂವತ್ತು ಜೊತೆ ಕಣ್ಣು ನನ್ನ ಮೇಲಿದ್ದವು, ಮತ್ತು ಅಮ್ಮ ಸತ್ತ ಮೇಲೆ ಮೊದಲ ಸಲ ಯಾರೋ ನನ್ನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡಿದ್ದರು. ಕಟ್ಟಿ ಹೇಳಲು ಶುರುಮಾಡಿದೆ.

ಕೆಲಸ ಕಷ್ಟವಿರಲಿಲ್ಲ. ಮುಖ ನೋಡಿ ಕಥೆ ಹೇಳುವುದು, ಅಷ್ಟೇ. ಕನ್ನಡಕದ ಹುಡುಗಿ ಮುಖ ಊದಿಸಿಕೊಂಡು ಕೂತರೆ, "ಇವಳ ತಾಯಿ ಕಾಗದ ಬರೆದಿಲ್ಲವಂತೆ ಮೇಡಂ," ಎನ್ನುತ್ತಿದ್ದೆ. ಉದ್ದ ಕಾಲಿನವಳು ಕುಣಿದರೆ ಅವಳು ಪಾಸಾಗಿದ್ದಾಳೆ. ಇಬ್ಬರು ಜಗಳವಾಡಿದರೆ ನಮ್ಮ ಹಾಸ್ಟೆಲಿನದೇ ಯಾವುದಾದರೂ ಜಗಳ ಎತ್ತಿ ಅವರ ಬಾಯಿಗೆ ಹಾಕುತ್ತಿದ್ದೆ. ಹುಡುಗಿಯರು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ವಾರ್ಡನ್ ಒಂದು ಲೋಟ ಕಾಫಿ ಕೊಡುವುದನ್ನು ರೂಢಿ ಮಾಡಿಕೊಂಡರು. ಹಾಸ್ಟೆಲಿನಲ್ಲಿ ಕಾಫಿ ಇರಲಿಲ್ಲ. ಗಟ್ಟಿ ಹಾಲಿನ ಆ ಕಾಫಿಯನ್ನು ಉಳಿದವರ ಮುಂದೆ ನಾನು ನಿಧಾನವಾಗಿ ಕುಡಿಯುತ್ತಿದ್ದೆ. ನಾಚಿಕೆಯಾಗುತ್ತಿರಲಿಲ್ಲವೇ ಎಂದು ಕೇಳಿದರೆ, ಇಲ್ಲ. ತುಂಬಾ ಚೆನ್ನಾಗಿತ್ತು.

ಮೂಟೆ ಕಂಡ ವಾರದ ಶನಿವಾರ ಟಿ.ವಿ.ಯಲ್ಲಿ ಕನ್ನಡಕದವಳು ಒಂದು ಹಾಳೆ ಹಿಡಿದು ವಾರ್ಡನಮ್ಮನ ಮುಂದೆ ನಿಂತಿದ್ದಳು, ಹಿಂದೆ ಉಳಿದ ಮೂವರು. ಆ ಹಾಳೆಯಲ್ಲಿ ಏನಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ನನ್ನ ಹೊಟ್ಟೆಯೊಳಗಿದ್ದ ಉರಿಗೋ, ಕಾಫಿ ಕೊಟ್ಟ ಸಲಿಗೆಗೋ, ನಾಲಿಗೆ ಮುಂದೆ ಓಡಿತು. "ಮೇಡಂ, ಇವರ ಊಟ ಚೆನ್ನಾಗಿಲ್ವಂತೆ. ಒಳ್ಳೆ ದವಸ ಎಲ್ಲಾ ಬೇರೆಲ್ಲಿಗೋ ಹೋಗ್ತಿದೆಯಂತೆ. ಎಲ್ಲಾರೂ ಸಹಿ ಹಾಕಿ ಅರ್ಜಿ ಕೊಡ್ತಿದಾರೆ," ಎಂದುಬಿಟ್ಟೆ. ಬುಕ್ಕಾಂಬುಧಿಯವಳು ಟಿ.ವಿ. ಬಿಟ್ಟು ನನ್ನನ್ನೇ ನೋಡುತ್ತಿದ್ದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಲ್ಲ? ನಮ್ಮ ವಾರ್ಡನ್ ಮುಟ್ಟಿಕೊಳ್ಳಲಿಲ್ಲ. ಟಿ.ವಿ.ಯ ವಾರ್ಡನಮ್ಮ ಹಾಳೆ ಓದಿ, ಏನೋ ಹೇಳಿ, ಕೊನೆಗೆ ಕನ್ನಡಕದವಳನ್ನು ತಬ್ಬಿಕೊಂಡಾಗ ಈಕೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ನೋಡ್ರಮ್ಮಾ, ಎಂಥ ತಾಯಿ ಹೃದಯ," ಎಂದರು. ನಾಟಕವಲ್ಲ, ನಿಜವಾದ ಕಣ್ಣೀರು. ಹಿಂದಿನ ಕೋಣೆಯ ಮೂಟೆಗಳಿಗೂ ಆ ಕಣ್ಣೀರಿಗೂ ಆಕೆಯ ಮನಸ್ಸಿನಲ್ಲಿ ಸಂಬಂಧವೇ ಇರಲಿಲ್ಲ. ಮನುಷ್ಯರು ಹೀಗೂ ಇರುತ್ತಾರೆ ಎಂದು ನನಗೆ ಹದಿನೈದನೆಯ ವಯಸ್ಸಿಗೆ ಗೊತ್ತಾಯಿತು. ಆಮೇಲೆ ಎಷ್ಟೋ ಕಡೆ ನೋಡಿದೆ.

ಮರುದಿನ ಭಾನುವಾರ. ಮಧ್ಯಾಹ್ನ ಹಿತ್ತಲಿನ ಬಾವಿಕಟ್ಟೆಯ ಹತ್ತಿರ ಹತ್ತನೆಯ ತರಗತಿಯ ಒಂಬತ್ತು ಜನ ಬಟ್ಟೆ ಒಗೆಯುತ್ತಿದ್ದೆವು. ಬುಕ್ಕಾಂಬುಧಿಯವಳು ಒಂದು ಹಾಳೆ ತಂದಳು. ಕನ್ನಡ ಮೇಷ್ಟ್ರು ಪತ್ರಲೇಖನದಲ್ಲಿ ಕಲಿಸಿದ ಹಾಗೇ ಎಡಕ್ಕೆ ಅಂಚು ಬಿಟ್ಟು, ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಬರೆದಿದ್ದಳು. ಪೂಜ್ಯ ವಾರ್ಡನ್ ಅವರ ಸನ್ನಿಧಿಗೆ ಹಾಸ್ಟೆಲಿನ ವಿದ್ಯಾರ್ಥಿನಿಯರ ವಿನಂತಿ. ನಮ್ಮ ತಂದೆತಾಯಿಯರು ತಂದುಕೊಟ್ಟ ರಾಗಿಯಲ್ಲೇ ನಮಗೆ ಮುದ್ದೆ ಮಾಡಿಸಿಕೊಡಬೇಕಾಗಿ ಪ್ರಾರ್ಥನೆ. ಮುಗ್ಗಿದ ರಾಗಿಯಿಂದ ಚಿಕ್ಕ ಮಕ್ಕಳಿಗೆ ಹೊಟ್ಟೆನೋವು ಬರುತ್ತಿದೆ. ಇಂತಿ ತಮ್ಮ ವಿಧೇಯ ವಿದ್ಯಾರ್ಥಿನಿಯರು. ಕಳ್ಳತನ ಎಂಬ ಮಾತು ಎಲ್ಲೂ ಇರಲಿಲ್ಲ. ರಜಾ ಅರ್ಜಿಗಿಂತ ಸಾಧುವಾಗಿತ್ತು.

ನಮ್ಮೆದುರಿಗೇ ತನ್ನ ಸಹಿ ಹಾಕಿದಳು. "ಒಂಬತ್ತು ಸಹಿ ಬಿದ್ರೆ ಒಂಬತ್ ಜನನ್ನೂ ಮನೆಗೆ ಕಳ್ಸಕ್ಕಾಗುತ್ತಾ? ಪರೀಕ್ಷೆ ಬೇರೆ ಬಂತು," ಎಂದು ಪೆನ್ನನ್ನು ನನ್ನ ಕಡೆ ಚಾಚಿದಳು. "ಹಾಕೇ ಅಜ್ಜಂಪುರ."

ಉಳಿದ ಏಳು ಜನರೂ ನನ್ನ ಕೈಯನ್ನೇ ನೋಡುತ್ತಿದ್ದರು. ನನ್ನ ತಲೆಯಲ್ಲಿ ಅಜ್ಜಂಪುರದ ಮನೆಯ ಹೊಸಿಲು ಬಂತು. ಹಾಸ್ಟೆಲಿನಿಂದ ಹೊರಗೆ ಹಾಕಿದರೆ ಚಿಕ್ಕಮ್ಮ ಬಾಗಿಲು ತೆಗೆಯುವಾಗ ಹೇಗೆ ನೋಡುತ್ತಾಳೆ ಎಂಬುದು ಬಂತು. ಇದನ್ನು ನಾನು ಎಷ್ಟೋ ವರ್ಷ ನನ್ನ ಪರವಾಗಿ ವಾದಿಸಿಕೊಂಡೆ. ಆದರೆ ಅದರ ಜೊತೆಗೇ ಶನಿವಾರದ ಕಾಫಿಯೂ ಬಂತು, ಕುರ್ಚಿಯ ಪಕ್ಕದ ಜಾಗವೂ ಬಂತು. ಅದನ್ನೂ ಹೇಳದಿದ್ದರೆ ಇದನ್ನೆಲ್ಲ ಬರೆಯುವುದಕ್ಕೆ ಅರ್ಥವಿಲ್ಲ.

"ಕೈ ಒದ್ದೆ ಐತೆ ಕಣೇ," ಎಂದೆ. "ಕಾಗ್ದ ಹಾಳಾಗುತ್ತೆ. ಬೆಳಿಗ್ಗೆ ಹಾಕ್ತೀನಿ."

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, ಹಾಕುತ್ತೇನೆಂದೂ ಅಲ್ಲ, ಹಾಕುವುದಿಲ್ಲವೆಂದೂ ಅಲ್ಲ. ನನ್ನ ಕೈ ಒದ್ದೆಯಾದ ಮೇಲೆ ಎಲ್ಲರ ಕೈಯೂ ಒದ್ದೆಯಾಯಿತು. ಪಂಚನಹಳ್ಳಿಯವಳು ಒಣಗಿದ್ದ ಕೈಯನ್ನು ಬಕೆಟ್ಟಿಗೆ ಅದ್ದಿದ್ದನ್ನು ನಾನೇ ಕಂಡೆ. ಬುಕ್ಕಾಂಬುಧಿಯವಳು "ಆಗ್ಲಿ, ಬೆಳಿಗ್ಗೆ," ಎಂದು ಹಾಳೆಯನ್ನು ಪುಸ್ತಕದೊಳಗೆ ಇಟ್ಟಳು.

ಬೆಳಿಗ್ಗೆ ನಾನು ಎಲ್ಲರಿಗಿಂತ ಮೊದಲು ಎದ್ದು ನೀರು ಸೇದಲು ಹೋದೆ. ಸ್ನಾನದ ಸರದಿಯಲ್ಲಿ ಹಿಂದೆ ನಿಂತೆ. ಹಾಕಿಕೊಂಡ ಜಡೆಯನ್ನು ಎರಡೆರಡು ಸಲ ಬಿಚ್ಚಿ ಹಾಕಿದೆ. ಅವಳು ಪೆನ್ನು ಹಿಡಿದು ಬಾಗಿಲ ಹತ್ತಿರ ನಿಂತಿದ್ದಳು. ಕರೆಯಲಿಲ್ಲ. ಪ್ರಾರ್ಥನೆಯ ಗಂಟೆ ಹೊಡೆಯಿತು. ಒಬ್ಬಳೇ ಹೋಗಿ ಅರ್ಜಿಯನ್ನು ವಾರ್ಡನ್ ಕೈಗೆ ಕೊಟ್ಟಳು. ಸುಮ್ಮನೆ ಹರಿದು ಹಾಕಬಹುದಿತ್ತಲ್ಲ ಎಂದು ಆಗ ನನಗೆ ಅವಳ ಮೇಲೇ ಸಿಟ್ಟು ಬಂತು.

ವಾರ್ಡನ್ ನಿಂತಲ್ಲೇ ಓದಿದರು. ಮುಖ ಬದಲಾಗಲಿಲ್ಲ. "ಅಕ್ಷರ ಎಷ್ಟು ಮುದ್ದಾಗಿದೆ," ಎಂದರು. ಆಮೇಲೆ ಸಾಲಾಗಿ ನಿಂತಿದ್ದ ನಮ್ಮ ಕಡೆ ತಿರುಗಿ, "ವಿದ್ಯಾರ್ಥಿನಿಯರು ಅಂತ ಬರ್ದಿದಾಳೆ. ಕೆಳಗೆ ನೋಡಿದ್ರೆ ಒಂದೇ ಸಹಿ ಇದೆಯಲ್ಲಮ್ಮಾ. ಬೇರೆ ಯಾರಿಗೂ ಹೊಟ್ಟೆನೋವು ಇಲ್ವಾ?" ಎಂದು ಕೇಳಿದರು. ಎಲ್ಲರೂ ತಮ್ಮ ತಮ್ಮ ಕಾಲ ಬೆರಳು ನೋಡಿಕೊಂಡೆವು. ಆಕೆ ಸಾಲಿನಲ್ಲಿ ನನ್ನನ್ನು ಹುಡುಕಿದರು. "ಅಜ್ಜಂಪುರ, ನಿಂಗೆ?"

"ಇಲ್ಲ ಮೇಡಂ," ಎಂದೆ.

ಬುಕ್ಕಾಂಬುಧಿಯವಳು ತಲೆ ತಗ್ಗಿಸಲಿಲ್ಲ, ನನ್ನ ಕಡೆ ತಿರುಗಲೂ ಇಲ್ಲ. ಅವಳ ಕಿವಿಯ ತುದಿ ಕೆಂಪಗಾದದ್ದು ಮಾತ್ರ ನನಗೆ ಕಾಣಿಸಿತು.

ಆ ದಿನವೇ ಅವಳ ಅಪ್ಪನಿಗೆ ಕಾರ್ಡು ಹೋಯಿತು. ಗುರುವಾರ ಬಂದ. ಕರೆಸಿದ್ದು ಯಾಕೆಂದು ಗೊತ್ತಿಲ್ಲದೆಯೇ ಹತ್ತು ತೆಂಗಿನಕಾಯಿ ಚೀಲಕ್ಕೆ ಹಾಕಿಕೊಂಡು ಬಂದಿದ್ದ, ವಾರ್ಡನಮ್ಮನಿಗೆಂದು. ನಾವು ಜಗಲಿಯ ಕಂಬದ ಮರೆಯಲ್ಲಿ ನಿಂತು ಕೇಳಿಸಿಕೊಂಡೆವು.

"ಏನ್ ತಪ್ಪು ಮಾಡಿದ್ಲು ಅಮ್ಮಾವ್ರೇ ನಮ್ ಹುಡ್ಗಿ?" ಎಂದ ಅಪ್ಪ, ಟವೆಲ್ಲನ್ನು ಕಂಕುಳಲ್ಲಿ ಇಟ್ಟುಕೊಂಡು.

"ತಪ್ಪು ಅಂತಲ್ಲಪ್ಪ," ಎಂದರು ವಾರ್ಡನ್, ಮೆಲ್ಲಗೆ. "ಹುಡುಗಿ ಬೆಳೆದಿದಾಳೆ. ಹೇಳಿದ ಮಾತು ಕೇಳಲ್ಲ. ನಾಳೆ ಏನಾದ್ರೂ ಹೆಚ್ಚುಕಡಿಮೆ ಆದ್ರೆ ನನ್ನ ಕೇಳ್ಬೇಡಿ. ಇನ್ನು ಇವಳ ಜವಾಬ್ದಾರಿ ನಾನು ತಗೊಳೋಕಾಗಲ್ಲ."

ಅಷ್ಟೇ. ರಾಗಿಯ ಮಾತಿಲ್ಲ, ಅರ್ಜಿಯ ಮಾತಿಲ್ಲ. ನಮ್ಮ ಕಡೆಯ ಯಾವ ಅಪ್ಪನಿಗೂ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಅವನು ಏನಾಯಿತು ಎಂದು ಕೇಳಲಿಲ್ಲ. ಕೇಳಿದರೆ ಎಲ್ಲಿ ಯಾರಾದರೂ ಹೇಳಿಬಿಡುತ್ತಾರೋ ಎಂಬ ಭಯ ಅವನ ಮುಖದಲ್ಲಿತ್ತು. "ಅಪ್ಪಾ, ನಾನು ರಾಗಿ..." ಎಂದು ಮಗಳು ಬಾಯಿ ತೆರೆದಳು. "ಮುಚ್ಚೇ ಬಾಯಿ. ನಡಿ, ಟ್ರಂಕು ತಗಾ," ಎಂದ. ಪರೀಕ್ಷೆಗೆ ಇನ್ನು ಎರಡು ತಿಂಗಳಿತ್ತು. ತೆಂಗಿನಕಾಯಿ ಚೀಲವನ್ನು ವಾರ್ಡನ್ ಹೊಸಿಲಲ್ಲೇ ಬಿಟ್ಟು ಕೈಮುಗಿದು ಹೊರಟ.

ಅವಳು ಟ್ರಂಕು ತುಂಬುವಾಗ ನಾನು ಪಕ್ಕದಲ್ಲಿ ಕೂತಿದ್ದೆ. ಲೆಕ್ಕದ ನೋಟ್ಸನ್ನು ತೆಗೆದು ನನ್ನ ಚಾಪೆಯ ಮೇಲೆ ಹಾಕಿ, "ಇಟ್ಕೊ. ನಂಗ್ಯಾಕೆ ಇನ್ನು," ಎಂದಳು. ನಾನು ಇಟ್ಟುಕೊಂಡೆ. ಲೆಕ್ಕದಲ್ಲಿ ಪಾಸಾದದ್ದು ಆ ನೋಟ್ಸಿನಿಂದಲೇ.

ಬಂದ ಶನಿವಾರ ಟಿ.ವಿ. ಹಾಕಿದರು. ಕಾಫಿ ಬಂತು. ಕುಡಿದೆ. ಆ ಹುಡುಗಿಯರು ಏನು ಹೇಳುತ್ತಿದ್ದಾರೆ ಎಂದು ವಾರ್ಡನ್ ಕೇಳಿದರು, ಹೇಳಿದೆ. ಕಾಣದ ಜನರು ಯಥಾಪ್ರಕಾರ ನಕ್ಕರು. ಪಂಚನಹಳ್ಳಿಯವಳು ಮಾತ್ರ ಆಮೇಲೆ ಅವರು ಯಾರೆಂದು ಕೇಳುವುದನ್ನು ಬಿಟ್ಟಳು.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ, ಟಿ.ಸಿ.ಎಚ್. ಮಾಡಿ ಟೀಚರಾದೆ. ಸತ್ಯವನ್ನೇ ಹೇಳಬೇಕು ಎಂದು ಬೋರ್ಡಿನ ಮೇಲೆ ಬರೆದು ಮಕ್ಕಳಿಂದ ಹತ್ತು ಸಲ ಓದಿಸುವ ಕೆಲಸ. ಅವಳ ಮದುವೆ ಆ ವರ್ಷದ ಬೇಸಗೆಯಲ್ಲೇ ಆಯಿತು, ಗಂಡ ತರೀಕೆರೆಯಲ್ಲಿ ಅಕ್ಕಿ ಗಿರಣಿಯಲ್ಲಿದ್ದಾನೆ ಎಂದು ಯಾರೋ ಹೇಳಿದರು. ಮದುವೆಗೆ ನನಗೆ ಕರೆಯಿರಲಿಲ್ಲ. ಕರೆದಿದ್ದರೂ ಹೋಗುತ್ತಿರಲಿಲ್ಲ. ಒಳಗೊಳಗೇ ನಾನು ಒಂದು ಕಥೆ ಕಟ್ಟಿಕೊಂಡಿದ್ದೆ: ಇಂಗ್ಲಿಷ್ ಬಾರದೆ ಹೇಳಿದ ನನ್ನ ಸುಳ್ಳನ್ನು ಅವಳು ನಂಬಿದಳು, ನಂಬಿ ಕೆಟ್ಟಳು. ಹುಡುಗುಬುದ್ಧಿಯ ಸುಳ್ಳು. ದೊಡ್ಡ ತಪ್ಪೇ, ಆದರೆ ಕ್ಷಮಿಸಬಹುದಾದ ತಪ್ಪು. ಆ ಕಥೆಯಲ್ಲಿ ನನಗೆ ಅಳುವುದಕ್ಕೂ ಜಾಗವಿತ್ತು.

ತೊಂಬತ್ತರ ದಶಕದ ಆರಂಭದಲ್ಲಿ ಒಮ್ಮೆ, ಅಪ್ಪನಿಗೆ ಹುಷಾರಿಲ್ಲವೆಂದು ಅಜ್ಜಂಪುರಕ್ಕೆ ಹೋಗಿದ್ದೆ. ವಾಪಸು ಹೊರಟು ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಹಿಂದಿನಿಂದ, "ಲೇ ಅಜ್ಜಂಪುರ!" ಎಂದು ಕೂಗು ಬಂತು. ನನ್ನ ಊರಿನಲ್ಲೇ ನನ್ನನ್ನು ಹಾಗೆ ಕರೆಯುವವಳು ಒಬ್ಬಳೇ. ಸೊಂಟದಲ್ಲಿ ಒಂದು ಮಗು, ಕೈಯಲ್ಲಿ ಒಂದು. ತವರಿಗೆ ಹೊರಟಿದ್ದಳು, ಬುಕ್ಕಾಂಬುಧಿಯ ಬಸ್ಸಿಗೆ ಕಾಯುತ್ತಿದ್ದಳು. ದಪ್ಪವಾಗಿದ್ದಳು, ನಗು ಮಾತ್ರ ಹಾಗೇ ಇತ್ತು. ಟೀಚರ್ ಆಗಿದ್ದೀನಿ ಎಂದೆ. "ಗೊತ್ತು ಕಣೇ, ಕೇಳ್ದೆ. ಒಳ್ಳೇದಾಯ್ತು," ಎಂದಳು. ಆ 'ಒಳ್ಳೇದಾಯ್ತು' ಎಂಬ ಮಾತಿನಲ್ಲಿ ವ್ಯಂಗ್ಯವಿದೆಯೇ ಎಂದು ಹುಡುಕಿದೆ. ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಇಷ್ಟು ವರ್ಷ ಬಾಯಿಪಾಠ ಮಾಡಿಟ್ಟುಕೊಂಡಿದ್ದನ್ನು ಹೇಳಿಯೇಬಿಟ್ಟೆ. "ನೋಡೇ, ಆ ಟಿ.ವಿ.ಲಿ ಹುಡುಗೀರು ಅರ್ಜಿ ಕೊಟ್ರು ಅಂದ್ನಲ್ಲ, ಅದೆಲ್ಲ ಸುಳ್ಳು. ನಂಗೆ ಒಂದಕ್ಷರ ಇಂಗ್ಲಿಷ್ ತಿಳೀತಿರ್ಲಿಲ್ಲ. ನನ್ ಮಾತು ನಂಬಿ ನೀನು..."

ಅವಳು ಜೋರಾಗಿ ನಕ್ಕುಬಿಟ್ಟಳು. ಸೊಂಟದ ಮಗು ಬೆಚ್ಚಿತು.

"ಅಯ್ಯೋ ಹುಚ್ಚಿ, ಅದು ನಂಗೊತ್ತಿರ್ಲಿಲ್ವಾ? ಮೂರ್ ವರ್ಷ ನಿನ್ ಪಕ್ಕದಲ್ಲೇ ಮಲಗ್ದೋಳು ನಾನು. ಇಂಗ್ಲಿಷ್ ಉತ್ರನೆಲ್ಲ ಕನ್ನಡ ಅಕ್ಷರದಲ್ಲಿ ಬರ್ಕೊಂಡು ಉರು ಹೊಡೀತಿದ್ದೆ ನೀನು. ಟಿ.ವಿ. ಹುಡುಗೀರು ಹೇಳಿದ್ರು ಅಂತ ಯಾರಾದ್ರೂ ಅರ್ಜಿ ಬರೀತಾರಾ?"

"ಮತ್ತೆ ಯಾಕೆ ಬರ್ದೆ?"

"ನೀನು ಹೇಳ್ದೆ ಅಂತ," ಎಂದಳು. ನಗು ನಿಂತಿತ್ತು. "ಮೇಡಂ ಮಗ್ಗುಲಲ್ಲೇ ಕೂತ್ಕೊಂಡು, ಅವ್ರ ಮುಖಕ್ಕೇ ದವಸ ಎಲ್ಲಿಗೆ ಹೋಗುತ್ತೆ ಅಂದ್ಯಲ್ಲ, ನಮ್ಮವ್ವನ್ ರಾಗಿಗೋಸ್ಕರ ಅಂದೆ ಅಂತ ಎಷ್ಟ್ ಖುಷಿ ಆಯ್ತು ಗೊತ್ತಾ? ಇವಳಿಗೆ ಧೈರ್ಯ ಐತೆ, ಯಾರೂ ಬರ್ಲಿಲ್ಲ ಅಂದ್ರೂ ಇವ್ಳು ನನ್ ಜೊತೆ ಬತ್ತಾಳೆ ಅಂದ್ಕೊಂಡೆ."

ಬಸ್ಸು ಬಂತು. ಜನ ನುಗ್ಗಿದರು. "ಇವನ್ನ ಸ್ವಲ್ಪ ಹಿಡ್ಕೊ," ಎಂದು ಮಗುವನ್ನು ನನ್ನ ಕೈಗೆ ಕೊಟ್ಟು, ದೊಡ್ಡದನ್ನು ಮೆಟ್ಟಿಲ ಮೇಲೆ ಹತ್ತಿಸಿ, ಚೀಲ ಒಳಗೆಸೆದು ಸೀಟು ಹಿಡಿದಳು. ಕಿಟಕಿಯಿಂದ ಎರಡೂ ಕೈ ಚಾಚಿದಳು. ಮಗುವನ್ನು ಕೊಟ್ಟೆ. "ಬತ್ತೀನಿ ಕಣೇ," ಎಂದಳು.

ಬಸ್ಸು ಹೋಯಿತು. ಸುಳ್ಳಿಗೆ ಕ್ಷಮೆ ಕೇಳಲು ನಾನು ಇಷ್ಟು ವರ್ಷ ತಯಾರಾಗಿದ್ದೆ, ಅದು ಅವಳಿಗೆ ಬೇಕೇ ಇರಲಿಲ್ಲ. ಸಹಿಯ ವಿಷಯ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅಲ್ಲಿ ನಿಂತಿದ್ದಾಗ ನನ್ನ ಕೈಗಳೆರಡೂ ಒಣಗಿದ್ದವು.